ಯಾವ ಪೋಸ್ಟರ್ ನೋಡಿ ಬಂದರು? ಫಾರ್ಮಿನ ಲಿಂಕೇ ಹೇಳಲಿ

ನಮ್ಮೂರ ಮಕ್ಕಳ ಯಕ್ಷಗಾನ ಶಿಬಿರಕ್ಕೆ ಹೆಸರು ಬರೆಸಿಕೊಳ್ಳುವ ಕೆಲಸ ನನ್ನದು. ಗೂಗಲ್ ಫಾರ್ಮಿನಲ್ಲಿ ‘ಶಿಬಿರದ ವಿಷಯ ಹೇಗೆ ಗೊತ್ತಾಯ್ತು?’ ಅಂತ ಕೇಳಿದರೆ ಹೆಚ್ಚಿನ ಪೋಷಕರು ಸುಮ್ನೆ ‘ಸ್ನೇಹಿತರಿಂದ’ ಎಂದು ಬರೆಯುತ್ತಾರೆ. ಶಾಲೆ ಗೇಟಿಗೆ ಪೋಸ್ಟರ್ ಅಂಟಿಸಿದ್ದು ದಂಡವಾಯ್ತೋ ಇಲ್ವೋ ತಿಳಿಯುವುದೇ ಇಲ್ಲ. ಅದಕ್ಕೇ ಈಗ ಕೇಳುವುದನ್ನು ಬಿಟ್ಟಿದ್ದೇನೆ. ಉತ್ತರವನ್ನು ಲಿಂಕಿನೊಳಗೇ ತುಂಬಿ ಕಳಿಸುತ್ತೇನೆ.

ಮೊದಲು ಫಾರ್ಮಿನ ಕೊನೆಯಲ್ಲಿ ಒಂದು ಚಿಕ್ಕ ಉತ್ತರದ ಪ್ರಶ್ನೆ ಸೇರಿಸಿ. ನಾನು ‘ಆಫೀಸ್ ಬಳಕೆಗೆ, ಬದಲಾಯಿಸಬೇಡಿ’ ಅಂತ ಹೆಸರಿಟ್ಟಿದ್ದೇನೆ. ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿ, ಉತ್ತರವನ್ನು ಮೊದಲೇ ತುಂಬಿಡುವ ಪ್ರೀ-ಫಿಲ್ ಆಯ್ಕೆ ತೆರೆಯಿರಿ. ಆ ಪ್ರಶ್ನೆಗೆ ಮಾತ್ರ ‘ವಾಟ್ಸಾಪ್’ ಎಂದು ತುಂಬಿ, ಕೆಳಗೆ ಸಿಗುವ ಲಿಂಕ್ ಕಾಪಿ ಮಾಡಿ.

ಈ ಲಿಂಕನ್ನು ದಿಟ್ಟಿಸಿ ನೋಡಿ. ಒಂದು ? ಚಿಹ್ನೆ ಇದೆ. ಅದರಾಚೆ ‘ಎಂಟ್ರಿ’ (entry) ಎಂಬ ಪದ, ಚುಕ್ಕಿ, ಉದ್ದದ ಸಂಖ್ಯೆ, ಆಮೇಲೆ = ಚಿಹ್ನೆ. ಆ ಸಂಖ್ಯೆಯೇ ನಿಮ್ಮ ಪ್ರಶ್ನೆಯ ಗುರುತು. = ಆದ ಮೇಲಿನದು ಉತ್ತರ. ಅದನ್ನಷ್ಟೇ ಬದಲಿಸಿದರೆ ಪೋಸ್ಟರಿಗೊಂದು, ಇನ್‌ಸ್ಟಾಗ್ರಾಮಿಗೊಂದು ಲಿಂಕ್ ಸಿದ್ಧ. ಇನ್ನೊಂದು ಪ್ರಶ್ನೆಗೂ ಉತ್ತರ ತುಂಬಬೇಕಾದರೆ ನಡುವೆ & ಹಾಕಿ. ಪ್ರಶ್ನೆಯ ಮಾತು ತಿದ್ದಿದರೆ ತೊಂದರೆಯಿಲ್ಲ. ಅಳಿಸಿ ಹೊಸದಾಗಿ ಸೇರಿಸಿದರೆ ಮಾತ್ರ ಸಂಖ್ಯೆ ಬದಲಾಗಿ, ಹಳೆಯ ಲಿಂಕುಗಳಲ್ಲಿ ಆ ಜಾಗ ಖಾಲಿ ಬರುತ್ತದೆ.

ಕನ್ನಡದಲ್ಲಿ ಒಂದು ಪೇಚಿದೆ. ಲಿಂಕಿನೊಳಗೆ ನಮ್ಮ ಒಂದೊಂದು ಅಕ್ಷರವೂ, ಒಂದೊಂದು ಗುಣಿತ ಚಿಹ್ನೆಯೂ % ಗುರುತುಗಳ ಸಾಲಾಗಿ 9 ಅಕ್ಷರ ತಿನ್ನುತ್ತದೆ. ‘ರಮ್ಯಾ’ ಅಂದರೆ 45! ಫೋನಿಗೇನೂ ಕಷ್ಟವಿಲ್ಲ. ಆದರೆ ಪೋಸ್ಟರಿನ ಕ್ಯೂಆರ್ ಕೋಡ್ ದಟ್ಟವಾಗಿ, ದೂರದಿಂದ ಸ್ಕ್ಯಾನ್ ಆಗಲು ಸತಾಯಿಸುತ್ತದೆ. ಹಾಗಾಗಿ ಪೋಸ್ಟರುಗಳಿಗೆ ಇಂಗ್ಲಿಷಿನ ಒಂದಕ್ಷರ, ಒಂದಂಕಿ ಸಾಕು. ಯಾವ ಗುರುತು ಯಾವ ಶಾಲೆಯದು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಒಂದೇ ಜಾಗಕ್ಕೆ ಎರಡು ಸ್ಪೆಲಿಂಗ್ ಬಳಸಿದರೆ ಲೆಕ್ಕ ಎರಡಾಗಿ ಒಡೆಯುತ್ತದೆ.

ಹಳೆಯ ವಿದ್ಯಾರ್ಥಿಗಳಿಗೆ ಹೆಸರು ಮೊದಲೇ ತುಂಬಿದ ಲಿಂಕ್ ಕಳಿಸುತ್ತೇನೆ. ಪೋಷಕರಿಗೆ ಟೈಪ್ ಮಾಡುವ ರಗಳೆ ಕಡಿಮೆ, ನನಗೆ ಹೆಸರಿನ ಕಾಗುಣಿತ ತಿದ್ದುವ ರಗಳೆ ಕಡಿಮೆ. ಗೂಗಲ್ ಶೀಟಿನ ಒಂದು ಕಾಲಂನಲ್ಲಿ ಹೆಸರುಗಳಿರಲಿ. ಪಕ್ಕದಲ್ಲಿ, ಹೆಸರಿನ ಪ್ರಶ್ನೆಯ = ಚಿಹ್ನೆಯವರೆಗಿನ ಲಿಂಕಿಗೆ ಹೆಸರನ್ನು ಜೋಡಿಸಿ. ಜೋಡಿಸುವಾಗ, ಅಕ್ಷರಗಳನ್ನು % ಗುರುತುಗಳಾಗಿ ಬದಲಿಸುವ ‘ಎನ್‌ಕೋಡ್‌ಯುಆರ್‌ಎಲ್’ (ENCODEURL) ಫಾರ್ಮುಲಾ ಬಳಸಿ. ಇಲ್ಲದಿದ್ದರೆ ಉತ್ತರದಲ್ಲಿ & ಅಥವಾ # ಇದ್ದಾಗ ಅದರ ಮುಂದಿನದೆಲ್ಲ ಕತ್ತರಿಸಿ ಹೋಗುತ್ತದೆ.

ಹೆಸರಿನಾಚೆ ಏನನ್ನೂ ತುಂಬಬೇಡಿ. ಫೋನ್ ನಂಬರ್, ಮಗುವಿನ ಆರೋಗ್ಯದ ವಿಷಯ ಖಂಡಿತಾ ಬೇಡ. ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗದ ಲಿಂಕ್ ಉಂಟೇ? ಅದೂ ಅಲ್ಲದೆ, ತುಂಬಿದ್ದು ಎಲ್ಲರಿಗೂ ಕಾಣುತ್ತದೆ, ಯಾರು ಬೇಕಾದರೂ ತಿದ್ದಬಹುದು. ಗೂಗಲ್ ಫಾರ್ಮಿನಲ್ಲಿ ಪ್ರಶ್ನೆಯನ್ನು ಮುಚ್ಚಿಡುವ ಸೌಲಭ್ಯವಿಲ್ಲ. ಅದೇ ಬೇಕಿದ್ದರೆ ಬೇರೆ ಫಾರ್ಮ್ ತಾಣಗಳಾದ ಟ್ಯಾಲಿ, ಟೈಪ್‌ಫಾರ್ಮ್‌ನಂಥವು ಇವೆ. ನಮ್ಮ ಶಿಬಿರಕ್ಕೆ ಅಷ್ಟೆಲ್ಲ ಬೇಕಿಲ್ಲ.

ಈ ಲೆಕ್ಕಕ್ಕೆ ಸಿಗುವುದು ಫಾರ್ಮ್ ತುಂಬಿ ಕಳಿಸಿದವರು ಮಾತ್ರ. ತೆರೆದು ನೋಡಿ ಹಾಗೇ ಹೋದವರು ಇದರಲ್ಲಿ ಬರುವುದಿಲ್ಲ. ಅವರನ್ನೂ ಎಣಿಸಬೇಕಿದ್ದರೆ ಕ್ಲಿಕ್ ಲೆಕ್ಕ ಕೊಡುವ ಶಾರ್ಟ್ ಲಿಂಕ್ ಬೇಕು.

ಪ್ರಿಂಟಿಗೆ ಕೊಡುವ ಮುಂಚೆ ಪ್ರತಿ ಕ್ಯೂಆರ್ ಕೋಡನ್ನೂ ಬೇರೆಯವರ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಒಂದು ಸುಳ್ಳು ಹೆಸರು ತುಂಬಿ ಕಳಿಸಿ. ಫಾರ್ಮಿನ ಉತ್ತರಗಳು ಸೇರುವ ಶೀಟಿನಲ್ಲಿ ಸರಿಯಾದ ಗುರುತು ಬಂತಾ ನೋಡಿ. ಆಮೇಲೆ ಆ ಸಾಲು ಅಳಿಸಿಬಿಡಿ.