ಮನೆಯಲ್ಲಿ ಟಿಬಿ ರೋಗಿ ಇದ್ದರೆ ನೋಡಿಕೊಳ್ಳುವುದು ಹೇಗೆ

ಟಿಬಿ ಅಂತ ಗೊತ್ತಾದ ಕೂಡಲೇ ಎಷ್ಟೋ ಮನೆಗಳಲ್ಲಿ ರೋಗಿಯ ತಟ್ಟೆ, ಲೋಟ ಬೇರೆ ಇಡುತ್ತಾರೆ. ಆದರೆ ಅದೇ ಮನೆಯಲ್ಲಿ ಚಳಿ ಅಂತ ಕಿಟಕಿ ಮುಚ್ಚಿ, ರೋಗಿಯ ಪಕ್ಕದಲ್ಲೇ ಮಗುವನ್ನು ಮಲಗಿಸಿರುತ್ತಾರೆ. ಶ್ವಾಸಕೋಶದ ಟಿಬಿ ಹರಡುವುದು ಗಾಳಿಯಲ್ಲಿ. ಕೆಮ್ಮಿದಾಗ, ಸೀನಿದಾಗ ಹೊರಗೆ ಬರುವ ಸಣ್ಣ ಸಣ್ಣ ಹನಿಗಳಲ್ಲಿ ರೋಗಾಣು ಇರುತ್ತದೆ. ತಟ್ಟೆ, ಬಟ್ಟೆ, ಕೈಕುಲುಕುವುದರಿಂದ ಅದು ಬರುವುದಿಲ್ಲ. ಅದಕ್ಕೇ ಮೊದಲು ಕಿಟಕಿ ತೆಗೆಯಿರಿ.

ರೋಗಿಗೆ ಬಿಸಿಲು, ಗಾಳಿ ಬರುವ ಕೋಣೆ ಕೊಡಿ. ಕನಿಷ್ಠ ಮೊದಲ 2 ವಾರ ಬೇರೆ ಮಲಗಲಿ, ಬೇರೆಯವರು ಹತ್ತಿರ ಇದ್ದಾಗ ಮಾಸ್ಕ್ ಹಾಕಿಕೊಳ್ಳಲಿ. ಔಷಧಿ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಹರಡುವ ಅಪಾಯ ಬೇಗ ಇಳಿಯುತ್ತದೆ. ಔಷಧಿಗೆ ಬಗ್ಗದ ಟಿಬಿ ಆಗಿದ್ದರೆ ಮಾತ್ರ ಎಷ್ಟು ದಿನ ಅಂತ ಡಾಕ್ಟರ್ ಹೇಳಬೇಕು. ಒಂದೇ ಕೋಣೆಯ ಮನೆಯಾದರೆ ಹಗಲು ಹೊತ್ತು ಜಗಲಿಯಲ್ಲೋ ಅಂಗಳದಲ್ಲೋ ಕೂರಿಸಿ. ಹಾಗಂತ ಮಾತಾಡಿಸುವುದು ಬಿಡಬೇಡಿ, ಮನೆಯವರೇ ದೂರ ಮಾಡಿದರೆ ಮಾತ್ರೆ ನುಂಗುವ ಮನಸ್ಸಾದರೂ ಎಲ್ಲಿಂದ ಬರಬೇಕು?

ಕಫ ಕಂಡಕಂಡಲ್ಲಿ ಉಗುಳುವುದು ಬೇಡ. ಮುಚ್ಚಳ ಇರುವ ಡಬ್ಬಿಯೊಂದನ್ನು ಹಾಸಿಗೆ ಹತ್ತಿರ ಇಡಿ, ಅದರಲ್ಲಿ ಸ್ವಲ್ಪ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಇರಲಿ. ಫಿನೈಲ್, ಆಸಿಡ್ ಏನನ್ನೂ ಅದಕ್ಕೆ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ದಿನಕ್ಕೊಮ್ಮೆ ಟಾಯ್ಲೆಟ್‌ಗೆ ಸುರಿದು, ಡಬ್ಬಿ ತೊಳೆದು, ಸೋಪು ಹಾಕಿ ಕೈ ತೊಳೆಯಿರಿ.

ಎಲ್ಲಕ್ಕಿಂತ ದೊಡ್ಡ ಕೆಲಸ ಮಾತ್ರೆಯದು. ಮಾಮೂಲಿ ಟಿಬಿಗೆ ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಮೂರು ಔಷಧಿ, ದಿನಾ ತಪ್ಪದೆ. ಎಷ್ಟು ಮಾತ್ರೆ ಅನ್ನುವುದು ತೂಕದ ಮೇಲೆ ಹೋಗುತ್ತದೆ. ಕಷ್ಟ ಶುರುವಾಗುವುದೇ ತಿಂಗಳು ಕಳೆದ ಮೇಲೆ: ಕೆಮ್ಮು ನಿಂತಿರುತ್ತದೆ, ಹಸಿವು ಬಂದಿರುತ್ತದೆ, "ಈಗ ಆರಾಮಾಗಿದೀನಲ್ಲ, ಸುಮ್ನೆ ಯಾಕೆ ಮಾತ್ರೆ" ಅಂತ ಬಿಟ್ಟುಬಿಡುತ್ತಾರೆ. ಒಳಗೆ ಉಳಿದ ರೋಗಾಣು ಗಟ್ಟಿಯಾಗುವುದು ಆಗಲೇ. ಆಮೇಲೆ ಇದೇ ಮಾತ್ರೆ ನಾಟದೆ ಹೋಗಬಹುದು. ಅದಕ್ಕೇ ನಿಮ್ಮ ಕಣ್ಣೆದುರೇ ನುಂಗಿಸಿ, ಖಾಲಿ ಸ್ಟ್ರಿಪ್ ಎಸೆಯದೆ ಇಟ್ಟುಕೊಳ್ಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಊರಿಗೆ ಹೋಗುವುದಿದ್ದರೆ ಮೊದಲೇ ಆಶಾ ಕಾರ್ಯಕರ್ತೆಗೆ ಹೇಳಿ ಮಾತ್ರೆ ತೆಗೆದುಕೊಳ್ಳಿ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಈ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಕೆಲಸ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟವೇ ಸೇರದಿದ್ದರೆ, ದೃಷ್ಟಿ ಮಂಜಾದರೆ, ಕೆಂಪು ಹಸಿರು ಗುರುತು ಸಿಗದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಪಾದ ಜುಮ್ಮೆನ್ನುವುದನ್ನೂ ಹೇಳಿ, ಅದಕ್ಕೆ ವಿಟಮಿನ್ ಬಿ6 ಕೊಡುತ್ತಾರೆ. ಕೆಮ್ಮಿದಾಗ ರಕ್ತ ಜಾಸ್ತಿ ಬಂದರೆ ಕಾಯಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ಕುಡಿತ ಇದ್ದರೆ ಪೂರ್ತಿ ನಿಲ್ಲಿಸಬೇಕು, ಈ ಮಾತ್ರೆಗಳ ಜೊತೆ ಲಿವರ್ ತಡೆಯುವುದಿಲ್ಲ. ಶುಗರ್ ಮತ್ತು ಎಚ್‌ಐವಿ ಪರೀಕ್ಷೆ ಕೂಡ ಮಾಡಿಸಿ.

ಊಟಕ್ಕೆ ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ. ಮೊಟ್ಟೆ, ಮೊಳಕೆ ಕಾಳು, ಬೇಳೆ, ಹಾಲು, ಕಡಲೆಕಾಯಿ, ರಾಗಿ ಸಾಕು. ಒಂದೇ ಸಲ ತಿನ್ನಲಾಗದಿದ್ದರೆ ಸ್ವಲ್ಪಸ್ವಲ್ಪ, ಐದಾರು ಸಲ ಕೊಡಿ. ತಿಂಗಳಿಗೊಮ್ಮೆ ತೂಕ ನೋಡಿ. ಟಿಬಿ ರೋಗಿಗಳ ಊಟಕ್ಕೆಂದೇ ಇರುವ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ಬ್ಯಾಂಕ್ ಖಾತೆಗೆ ಹಣ ಬರುತ್ತದೆ (2024ರ ನವೆಂಬರ್‌ಗೆ ಮೊದಲು 500 ಇತ್ತು). ಖಾಸಗಿ ಡಾಕ್ಟರ್ ಹತ್ತಿರ ತೋರಿಸುವವರಿಗೂ ಇದೆ, ಆದರೆ ಹೆಸರು ನಿಕ್ಷಯ್ ಅನ್ನುವ ಸರ್ಕಾರದ ಟಿಬಿ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಏನಾದರೂ ಸಂಶಯ ಇದ್ದರೆ ಟಿಬಿ ಸಹಾಯವಾಣಿ 1800-11-6666ಕ್ಕೆ ಫೋನ್ ಮಾಡಿ, ಕರೆ ಉಚಿತ.

ಮನೆಯ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಿ. 5 ವರ್ಷದೊಳಗಿನ ಮಕ್ಕಳಿಗೆ ಟಿಬಿ ಇಲ್ಲ ಅಂತ ಖಚಿತವಾದರೂ ತಡೆಗಟ್ಟುವ ಮಾತ್ರೆ ಕೊಡುತ್ತಾರೆ, ಬೇಡ ಅನ್ನಬೇಡಿ. ಬಾಣಂತಿಗೇ ಟಿಬಿ ಇದ್ದರೂ ಮಾಸ್ಕ್ ಹಾಕಿಕೊಂಡು ಎದೆಹಾಲು ಕೊಡಬಹುದು. ರೋಗಿಯ ಕಫ ಪರೀಕ್ಷೆ ಮೊದಲ 2 ತಿಂಗಳು ಮುಗಿದಾಗ ಒಮ್ಮೆ, ಚಿಕಿತ್ಸೆಯ ಕೊನೆಗೆ ಇನ್ನೊಮ್ಮೆ. ಅದಾದ ಮೇಲೂ 2 ವರ್ಷ, 6 ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.