ಫೌಂಡೇಶನ್ ಕೊಳ್ಳದೆ ನಾನು ಮಾಡಿಕೊಳ್ಳುವ ಮೇಕಪ್

ನಲವತ್ತೈದು ದಾಟಿದ ಮೇಲೆ ಮೇಕಪ್ ಶುರು ಮಾಡುವವರು ಮೊದಲು ಹುಡುಕುವುದು ಫೌಂಡೇಶನ್, ಅಂದರೆ ಮುಖಕ್ಕೆಲ್ಲ ಬಳಿಯುವ ಚರ್ಮದ ಬಣ್ಣದ ಕ್ರೀಮ್. ನನ್ನ ಹತ್ತಿರ ಇವತ್ತಿಗೂ ಅದಿಲ್ಲ. ಈ ವಯಸ್ಸಲ್ಲಿ ಹುಬ್ಬು, ತುಟಿ, ಕೆನ್ನೆಯಲ್ಲಿ ಬಣ್ಣ ಕಡಿಮೆಯಾಗಿರುತ್ತದೆ, ಅಲ್ಲಿ ಸ್ವಲ್ಪ ಸೇರಿಸಬೇಕು. ಕಣ್ಣ ಕೆಳಗೆ ಜಾಸ್ತಿಯಾಗಿರುತ್ತದೆ, ಅಲ್ಲಿ ಸ್ವಲ್ಪ ತಗ್ಗಿಸಬೇಕು. ಉಳಿದ ಚರ್ಮವನ್ನು ಅದರ ಪಾಡಿಗೆ ಬಿಟ್ಟುಬಿಡಿ.

ದಾವಣಗೆರೆಯಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂರುವ ಕೆಲಸ ನನ್ನದು. ತಿಂಡಿ, ಡಬ್ಬಿ, ಅತ್ತೆಯವರ ಮಾತ್ರೆ ಎಲ್ಲ ಮುಗಿಸಿ ಕನ್ನಡಿ ಮುಂದೆ ನಿಲ್ಲಲು ಸಿಗುವುದು ಐದಾರು ನಿಮಿಷ. ಹಾಗಾಗಿ ಕೈಬೆರಳಲ್ಲಿ ಆಗುವುದನ್ನಷ್ಟೇ ಇಟ್ಟುಕೊಂಡಿದ್ದೇನೆ. ಬ್ರಶ್ ತೊಳೆಯುತ್ತಾ ಕೂರಲು ಪುರುಸೊತ್ತು ಯಾರಿಗಿದೆ?

ಸ್ನಾನ ಆದ ಮೇಲೆ, ಮುಖ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿದು ಚರ್ಮ ಒಣಗುತ್ತದೆ, ತೆಳುವೂ ಆಗುತ್ತದೆ. ನಮ್ಮೂರಿನ ಒಣ ಬಿಸಿಲಿಗೆ ಕೇಳುವುದೇ ಬೇಡ. ಗ್ಲಿಸರಿನ್ ಇರುವ ಸಾದಾ ಕ್ರೀಮ್ ಸಾಕು. ಅದನ್ನು ಹಚ್ಚಿ, ಸೀರೆ ಉಟ್ಟು ಬಂದು, ಆಮೇಲೆ ಸನ್‌ಸ್ಕ್ರೀನ್. ನಡುವೆ ಸಮಯ ಬಿಡದೆ ಒಂದರ ಮೇಲೊಂದು ಉಜ್ಜಿದರೆ ಸಣ್ಣ ಸಣ್ಣ ಬತ್ತಿಯಾಗಿ ಎದ್ದು ಬರುತ್ತದೆ.

ಸನ್‌ಸ್ಕ್ರೀನ್ ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅಂತ ಹೇಳುವ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿಕೊಂಡರೆ ಮುಖಕ್ಕೂ ಕತ್ತಿಗೂ ಆಗುತ್ತದೆ. ನನಗೆ ಕೆನ್ನೆ ಮೇಲೆ ಬಂಗು ಇದೆ, ಅದಕ್ಕೇ ಬಣ್ಣ ಬೆರೆಸಿದ, ಟಿಂಟೆಡ್ ಅಂತ ಕೇಳಿದರೆ ಕೊಡುವ ಸನ್‌ಸ್ಕ್ರೀನ್ ತೆಗೆದುಕೊಳ್ಳುತ್ತೇನೆ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಬಂಗು ಗಾಢವಾಗಲು ಆ ಬೆಳಕೂ ಒಂದು ಕಾರಣ, ಸಾದಾ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬಣ್ಣ ಸಮ ಮಾಡುವ ಕೆಲಸವೂ ಇದರಲ್ಲೇ ಆಗಿಹೋಗುತ್ತದೆ. ಶೇಡ್ ನೋಡುವಾಗ ಅಂಗೈ ಹಿಂದೆ ಹಚ್ಚಿ ನೋಡಬೇಡಿ. ದವಡೆಯ ಅಂಚಿಗೆ ಹಚ್ಚಿಕೊಂಡು ಅಂಗಡಿಯಿಂದ ಹೊರಗೆ ಬಂದು ಬಿಸಿಲಲ್ಲಿ ನೋಡಿ. "ಮೇಡಂ, ಇದ್ರಲ್ಲಿ ಇನ್ನೂ ಫೇರ್ ಆಗಿ ಕಾಣ್ತೀರಿ" ಅಂತ ಕೊಡುವ ಶೇಡ್ ಅಲ್ಲೇ ಬಿಟ್ಟು ಬನ್ನಿ.

ಇನ್ನು ಕಣ್ಣ ಕೆಳಗೆ. ನನ್ನ ಸಮಯದಲ್ಲಿ ಅರ್ಧ ಇಲ್ಲೇ ಹೋಗುತ್ತದೆ, ಹೋಗಲಿ ಬಿಡಿ, ಅಷ್ಟು ಫಲವೂ ಇದೆ. ಇಲ್ಲಿನ ಕಪ್ಪು ನಿಜವಾಗಿ ಕಂದೋ ನೀಲಿಯೋ ಆಗಿರುತ್ತದೆ. ಅದರ ಮೇಲೆ ನೇರವಾಗಿ ತಿಳಿ ಬಣ್ಣದ ಕನ್ಸೀಲರ್, ಅಂದರೆ ಕಲೆ ಮರೆಮಾಡುವ ಗಟ್ಟಿ ಕ್ರೀಮ್, ಹಚ್ಚಿದರೆ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಮೊದಲು ಆ ಕಪ್ಪನ್ನು ತಗ್ಗಿಸುವ ಕಿತ್ತಳೆ ಛಾಯೆಯ ಕ್ರೀಮ್, ಅಂದರೆ ಕರೆಕ್ಟರ್ ಬೇಕು, ಒಂದು ಅಕ್ಕಿಕಾಳಿನಷ್ಟು, ಎರಡೂ ಕಣ್ಣಿಗೆ ಸೇರಿ. ಕಣ್ಣ ಕೆಳಗೆ ಪೂರ್ತಿ ಬಳಿಯುವುದಿಲ್ಲ. ಮೂಗಿನ ಪಕ್ಕದ ಮೂಲೆಯಲ್ಲಿ, ಎಲ್ಲಕ್ಕಿಂತ ಕಪ್ಪಿರುವ ಆ ಗುಳಿಯಲ್ಲಿ ಮಾತ್ರ ಇಟ್ಟು, ಉಂಗುರದ ಬೆರಳಿಂದ ಮೆತ್ತಗೆ ತಟ್ಟುತ್ತಾ ಹೋಗುತ್ತೇನೆ, ಉಜ್ಜುವುದಿಲ್ಲ. ಅಂಚು ಕಾಣದಂತಾದ ಮೇಲೆ ಚರ್ಮದ್ದೇ ಬಣ್ಣದ ಕನ್ಸೀಲರ್ ತೆಳುವಾಗಿ. ಎಷ್ಟೋ ದಿನ ಅದೂ ಬೇಕಾಗುವುದಿಲ್ಲ. ಒಂದು ನಿಮಿಷ ಬಿಟ್ಟು ಮೇಲಕ್ಕೆ ನೋಡುತ್ತಾ ಗೆರೆಗಳಲ್ಲಿ ಕೂತಿರುವುದನ್ನು ಖಾಲಿ ಬೆರಳಿಂದ ಮತ್ತೆ ಒಮ್ಮೆ ಒತ್ತಿದರೆ ಸಂಜೆವರೆಗೆ ಚಿಂತೆಯಿಲ್ಲ. ಇಲ್ಲಿ ಪೌಡರ್ ಮಾತ್ರ ಬೇಡವೇ ಬೇಡ, ಇಲ್ಲದ ಗೆರೆಯೂ ಎದ್ದು ಕಾಣುತ್ತದೆ. ಪೌಡರ್ ಇದ್ದರೆ ಮೂಗು, ಹಣೆಗೆ ಸಾಕು.

ಚಾಳೀಸು ಬಂದವರ ಕಷ್ಟ ಬೇರೆ. ಕನ್ನಡಕ ಹಾಕಿಕೊಂಡರೆ ಕೈ ಹೋಗುವುದಿಲ್ಲ, ತೆಗೆದರೆ ಕಣ್ಣು ಕಾಣುವುದಿಲ್ಲ. ದೊಡ್ಡದಾಗಿ ತೋರಿಸುವ ಪುಟ್ಟ ಕನ್ನಡಿಯೊಂದನ್ನು ಕಿಟಕಿ ಪಕ್ಕ ಇಟ್ಟುಕೊಂಡಿದ್ದೇನೆ, ಬಚ್ಚಲಿನ ಟ್ಯೂಬ್‌ಲೈಟ್ ನಂಬುವ ಹಾಗಿಲ್ಲ. ಎಲ್ಲ ಆದ ಮೇಲೆ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಲೇಬೇಕು. ಆ ಗಾಜು ನಮ್ಮ ಕಣ್ಣನ್ನು ಎದುರಿನವರಿಗೂ ದೊಡ್ಡದು ಮಾಡಿ ತೋರಿಸುತ್ತದೆ, ಮೆತ್ತಿದ್ದೂ ದೊಡ್ಡದಾಗೇ ಕಾಣುತ್ತದೆ.

ಕಾಡಿಗೆಯನ್ನು ಕೆಳಗಿನ ರೆಪ್ಪೆಗೆ ಹಚ್ಚುವುದು ಬಿಟ್ಟಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಇಳಿದು, ಬೆಳಗ್ಗೆ ಕಷ್ಟಪಟ್ಟು ತಗ್ಗಿಸಿದ ಕಪ್ಪಿಗೇ ಸೇರಿಕೊಳ್ಳುತ್ತದೆ. "ಕಾಡಿಗೆ ಇಲ್ದೆ ಕಣ್ಣು ಬೋಳು ಕಾಣ್ತಾವೆ ನೋಡು" ಅಂತ ಅಮ್ಮ ಈಗಲೂ ಅನ್ನುತ್ತಾರೆ. ಮೇಲಿನ ರೆಪ್ಪೆಗೂದಲಿನ ಬುಡದಲ್ಲಿ ಕಂದು ಪೆನ್ಸಿಲ್‌ನಿಂದ ಚುಕ್ಕೆ ಚುಕ್ಕೆ ಇಟ್ಟು ಬೆರಳಿಂದ ಸೇರಿಸಿಬಿಡುತ್ತೇನೆ, ಗೆರೆ ನೆಟ್ಟಗೆ ಬರಬೇಕೆಂಬ ತಲೆನೋವಿಲ್ಲ.

ಅದೇ ಪೆನ್ಸಿಲ್ ಹುಬ್ಬಿಗೂ ಆಗುತ್ತದೆ. ಬಾಲದ ಕಡೆ ಕೂದಲು ಉದುರಿದಲ್ಲಿ ಮಾತ್ರ ಕೂದಲಿನಷ್ಟೇ ಸಣ್ಣ ಗೀಟುಗಳು. ಪಾರ್ಲರಿನಲ್ಲಿ "ಶೇಪ್ ಬೇಡ, ಸುತ್ತ ಕ್ಲೀನ್ ಮಾಡಿದ್ರೆ ಸಾಕು" ಅಂತ ಮೊದಲೇ ಹೇಳಿಬಿಡಿ. ಈ ವಯಸ್ಸಲ್ಲಿ ತೆಳು ಮಾಡಿಸಿಕೊಂಡ ಹುಬ್ಬು ಸುಲಭಕ್ಕೆ ವಾಪಸ್ ತುಂಬುವುದಿಲ್ಲ.

ಲಿಪ್‌ಸ್ಟಿಕ್ ಒಂದೇ, ತುಟಿಗೂ ಕೆನ್ನೆಗೂ. ನನ್ನ ತುಟಿಯ ಬಣ್ಣಕ್ಕಿಂತ ಒಂದು ಪಾಲು ಗಾಢವಾದ ಇಟ್ಟಿಗೆ ಬಣ್ಣದ್ದು, ಕ್ರೀಮಿನಂಥದ್ದು. ಹೊಳಪೇ ಇಲ್ಲದ ಪೂರ್ತಿ ಮ್ಯಾಟ್ ಆದರೆ ತುಟಿಯ ಬಿರುಕೆಲ್ಲ ಎಣಿಸಬಹುದು. ಕೆನ್ನೆಗೆ ಎರಡು ಚುಕ್ಕೆ ಇಟ್ಟು ಕಿವಿಯ ಕಡೆಗೆ ತಟ್ಟುತ್ತಾ ಹೋಗುತ್ತೇನೆ. ನಕ್ಕಾಗ ಉಬ್ಬುವ ಜಾಗಕ್ಕೆ ಹಚ್ಚಿ ಅಂತ ಹೇಳುತ್ತಾರಲ್ವಾ, ನಗು ನಿಂತ ಮೇಲೆ ಆ ಜಾಗ ಕೆಳಗಿಳಿಯುತ್ತದೆ, ಹಾಗಾಗಿ ನಾನು ಸ್ವಲ್ಪ ಮೇಲೇ ಹಚ್ಚುತ್ತೇನೆ.

ಸ್ಟಿಕ್ಕರ್ ಬಿಂದಿ ಬಗ್ಗೆ ಒಂದು ಮಾತು. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಕೆಲವರಿಗೆ ಆ ಜಾಗ ಬಿಳಿಚಿಕೊಳ್ಳುತ್ತದೆ. ತುರಿಕೆ ಬಂದರೆ ಅಥವಾ ಬಿಳಿಚಿದರೆ ಆ ಬಿಂದಿ ಇಡುವುದು ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ.

ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಮುಖ ತೊಳೆದೇ ಮಲಗುವುದು. ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಮುಚ್ಚಿದ ಕಣ್ಣ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಪೆನ್ಸಿಲ್ ತಾನೇ ಬಿಡುತ್ತದೆ, ಆಮೇಲೆ ಫೇಸ್‌ವಾಶ್. ಮೊಡವೆ ಏಳುವವರಿಗೆ ಈ ಎಣ್ಣೆ ಆಗಿಬರುವುದಿಲ್ಲ, ಮೇಕಪ್ ಒರೆಸುವ ನೀರಿನಂಥ ಮೈಸೆಲ್ಲರ್ ವಾಟರ್ ತಗೊಳ್ಳಿ.

ಎಲ್ಲ ಒಂದೇ ಸಲ ಕೊಳ್ಳಬೇಡಿ. ಸನ್‌ಸ್ಕ್ರೀನ್ ಮತ್ತು ಲಿಪ್‌ಸ್ಟಿಕ್‌ನಿಂದ ಶುರು ಮಾಡಿ, ಕೈ ಕುದುರಿದ ಮೇಲೆ ಕರೆಕ್ಟರ್, ಪೆನ್ಸಿಲ್. ಡಬ್ಬಿಯ ಹಿಂದೆ ಮುಚ್ಚಳ ತೆಗೆದ ಪುಟ್ಟ ಡಬ್ಬಿಯ ಚಿತ್ರದಲ್ಲಿ 6ಎಂ, 12ಎಂ ಅಂತ ಇರುತ್ತದೆ, ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು. ತೆರೆದ ತಾರೀಖನ್ನು ಪೆನ್ನಲ್ಲಿ ಅಲ್ಲೇ ಬರೆದಿಟ್ಟುಕೊಳ್ಳಿ.