ಹೊಸ ಪ್ರೊಸೆಸರ್‌ಗೆ ಕಡಿಮೆ ಬೆಲೆಯ ಮದರ್‌ಬೋರ್ಡ್: ಸಾಕೆಟ್ ಒಂದನ್ನೇ ನೋಡಿ ದುಡ್ಡು ಕೊಡಬೇಡಿ

ಮೊದಲು ಪ್ರೊಸೆಸರ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ, ಬೋರ್ಡ್ ಆಮೇಲೆ ಹುಡುಕಿ. ಎಷ್ಟೋ ಜನ ಇದನ್ನು ಉಲ್ಟಾ ಮಾಡುತ್ತಾರೆ. ಆಫರ್‌ನಲ್ಲಿ ಸಿಕ್ಕಿತು ಅಂತ ಬೋರ್ಡ್ ತಂದಿಟ್ಟುಕೊಂಡು, ಇದಕ್ಕೆ ಯಾವ ಪ್ರೊಸೆಸರ್ ಹಾಕಬಹುದು ಅಂತ ಆಮೇಲೆ ಕೇಳುತ್ತಾರೆ. ಇನ್ನು ಕೆಲವರು ಸಾಕೆಟ್, ಅಂದರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ, ಅದರ ಹೆಸರು ಹೊಂದಿತು ಅಂದ ತಕ್ಷಣ ದುಡ್ಡು ಕೊಟ್ಟುಬಿಡುತ್ತಾರೆ. ಮನೆಗೆ ತಂದು ಜೋಡಿಸಿದರೆ ಪ್ರೊಸೆಸರ್ ಸರಿಯಾಗಿ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ಲೈಟೂ ಹತ್ತುತ್ತದೆ, ಆದರೆ ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಬೋರ್ಡ್ ಡೆಡ್ ಆಗಿದೆ ಅಂತ ಅಂಗಡಿಗೆ ಓಡುತ್ತಾರೆ. ಎಷ್ಟೋ ಸಲ ಬೋರ್ಡ್‌ಗೆ ಏನೂ ಆಗಿರುವುದಿಲ್ಲ. ಅದರ ಬಯೋಸ್, ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ ಬೋರ್ಡಿನದೇ ಸಾಫ್ಟ್‌ವೇರ್, ಹಳೆಯದು, ಆ ಪ್ರೊಸೆಸರ್ ಅಂತ ಒಂದಿದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ.

ಸಾಕೆಟ್ ಒಂದೇ ಆದರೂ ಕೆಲಸ ಮಾಡದಿರುವುದಕ್ಕೆ ಇಂಟೆಲ್‌ನಲ್ಲಿ ಹಳೆಯ ಉದಾಹರಣೆ ಇದೆ. 6, 7 ಮತ್ತು 8ನೇ ತಲೆಮಾರಿನ ಪ್ರೊಸೆಸರ್‌ಗಳಿಗೆಲ್ಲ ಸಾಕೆಟ್ ಎಲ್‌ಜಿಎ 1151. ಆದರೂ 2017ರಲ್ಲಿ ಬಂದ 8ನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್, ಅಂದರೆ ಬೋರ್ಡಿನ ಹೆಸರಲ್ಲೇ ಬರುವ ಅದರ ಮುಖ್ಯ ಚಿಪ್, ಬೇಕೇ ಬೇಕು, ಹಳೆಯ ಎಚ್110 ಅಥವಾ ಬಿ250 ಬೋರ್ಡ್‌ನಲ್ಲಿ ಅದು ಓಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕುವವರು ಇಂದಿಗೂ ಇಲ್ಲೇ ಎಡವುತ್ತಾರೆ. ಹಾಗಾಗಿ ಸಾಕೆಟ್, ಚಿಪ್‌ಸೆಟ್, ಬಯೋಸ್ ವರ್ಷನ್, ಈ ಮೂರೂ ಹೊಂದಬೇಕು.

ಈಗ ಕಡಿಮೆ ದುಡ್ಡಿನಲ್ಲಿ ಹೋಗುವವರಿಗೆ ಇರುವ ದಾರಿಗಳನ್ನು ನೋಡೋಣ. ನಿಮ್ಮ ಹತ್ತಿರ ಡಿಡಿಆರ್4 ರ‍್ಯಾಮ್ ಇದ್ದರೆ ಅದನ್ನು ಬಿಸಾಡುವ ಮಾತೇ ಬೇಡ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಇರುವ ರ‍್ಯಾಮ್ ಉಳಿಸಿಕೊಳ್ಳುವುದೇ ದೊಡ್ಡ ಉಳಿತಾಯ. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ರೈಜನ್ 5 5600 ಇಂದಿಗೂ ಗಟ್ಟಿ ಪ್ರೊಸೆಸರ್, ಬಿ450, ಎ520, ಬಿ550 ಮೂರೂ ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಓಡುತ್ತದೆ. ಇದರಲ್ಲಿ ಬಿ450 ಬಂದಿದ್ದು 2018ರಲ್ಲಿ, ರೈಜನ್ 5000 ಸರಣಿ ಬಂದಿದ್ದು 2020ರ ಕೊನೆಯಲ್ಲಿ. ಅಂದರೆ ಹಳೆಯ ಬಿ450ಗೆ ಬಯೋಸ್ ಅಪ್‌ಡೇಟ್ ಆಗಲೇಬೇಕು. ಈಗಾಗಲೇ ಹಳೆಯ ರೈಜನ್ ಹಾಕಿಕೊಂಡು ಓಡಿಸುತ್ತಿದ್ದೀರಾ? ಹಾಗಾದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಹಳೆಯ ಪ್ರೊಸೆಸರ್ ಬೋರ್ಡ್‌ನಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಅದನ್ನು ತೆಗೆದು ಹೊಸದು ಹಾಕಿ. ಹೊಸ ಬೋರ್ಡಿನ ಖರ್ಚೇ ಇಲ್ಲ.

ಇಂಟೆಲ್ ಕಡೆ ಎಲ್‌ಜಿಎ 1700 ಇದೆ, 12, 13, 14 ಮೂರೂ ತಲೆಮಾರು ಇದರಲ್ಲೇ ಕೂರುತ್ತವೆ. ಎಚ್610 ಅಗ್ಗ. ಆದರೆ ಅದರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್, ರ‍್ಯಾಮ್ ವೇಗ ಏರಿಸುವ ಹಾಗೂ ಇಲ್ಲ. ಐ5 12400 ಥರದ್ದಕ್ಕೆ ಸಾಕು. ಒಂದು ಮಾತು ನೆನಪಿರಲಿ: ಈ ಸಾಕೆಟ್‌ನ ಬೋರ್ಡ್‌ಗಳು ಡಿಡಿಆರ್4 ಇರುವುದು, ಡಿಡಿಆರ್5 ಇರುವುದು ಎರಡೂ ಥರ ಬರುತ್ತವೆ, ಹೆಸರಿನಲ್ಲಿ ಸಣ್ಣ ವ್ಯತ್ಯಾಸ ಅಷ್ಟೆ. ಒಂದರ ರ‍್ಯಾಮ್ ಇನ್ನೊಂದರ ಸ್ಲಾಟ್‌ಗೆ ಕೂರುವುದೇ ಇಲ್ಲ. ಆರ್ಡರ್ ಮಾಡುವಾಗ ಪೂರ್ತಿ ಹೆಸರು ಓದಿ.

ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಎಎಂಡಿಯ ಹೊಸ ಸಾಕೆಟ್ ಎಎಂ5. ಇದರಲ್ಲಿ ಡಿಡಿಆರ್5 ಮಾತ್ರ, ರ‍್ಯಾಮ್‌ಗೆ ಖರ್ಚು ಜಾಸ್ತಿ ಅನ್ನುವುದು ನಿಜ. ಆದರೆ ಈ ಸಾಕೆಟ್‌ಗೆ 2027ರವರೆಗೂ, ಅದರ ನಂತರವೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ, ಇವತ್ತು ಅಗ್ಗದ ಪ್ರೊಸೆಸರ್ ಹಾಕಿ ನಾಲ್ಕು ವರ್ಷ ಬಿಟ್ಟು ಅದನ್ನಷ್ಟೇ ಬದಲಾಯಿಸಬಹುದು. ಕಡಿಮೆ ದುಡ್ಡಿಗೆ ಎ620, ಬಿ650, ಬಿ840, ಬಿ850 ಸಿಗುತ್ತವೆ. ಎ620 ಮತ್ತು ಬಿ840ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಆಗುವುದಿಲ್ಲ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಲು ಬರುವುದಿಲ್ಲ, ಅದು ನಿಮಗೆ ಬೇಕಾಗಿಯೂ ಇಲ್ಲ ಅಲ್ವಾ? ರೈಜನ್ 5 7600 ಆದರೆ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. 9600ಎಕ್ಸ್ ಆದರೆ ಸ್ವಲ್ಪ ನಿಲ್ಲಿ. 9000 ಸರಣಿ ಮಾರುಕಟ್ಟೆಗೆ ಬಂದಿದ್ದು 2024ರ ಆಗಸ್ಟ್‌ನಲ್ಲಿ, ಬಿ650 ಬಂದಿದ್ದು 2022ರಲ್ಲಿ. ಅಂಗಡಿಯ ಮೂಲೆಯಲ್ಲಿ ಎರಡು ವರ್ಷದಿಂದ ಕೂತಿರುವ ಪೆಟ್ಟಿಗೆ ನಿಮ್ಮ ಕೈಗೆ ಬಂದರೆ ಅದರಲ್ಲಿ ಹಳೆಯ ಬಯೋಸೇ ಇರುತ್ತದೆ. ಬಿ840, ಬಿ850 ಬಂದಿದ್ದೇ 2025ರ ಜನವರಿಯಲ್ಲಿ, ಅಲ್ಲಿ ಈ ತಲೆನೋವು ಇಲ್ಲ.

ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು, ಐದು ನಿಮಿಷದ ಕೆಲಸ. ಬೋರ್ಡ್ ಕಂಪನಿಯ ಸೈಟ್‌ಗೆ ಹೋಗಿ ನಿಮ್ಮ ಮಾಡೆಲ್‌ನ ಪುಟ ತೆಗೆಯಿರಿ, ಸಪೋರ್ಟ್ ಅನ್ನುವ ಕಡೆ ಸಿಪಿಯು ಪಟ್ಟಿ ಇರುತ್ತದೆ. ನಿಮ್ಮ ಪ್ರೊಸೆಸರ್ ಹೆಸರಿನ ಸಾಲಿನಲ್ಲಿ ಯಾವ ಬಯೋಸ್ ವರ್ಷನ್‌ನಿಂದ ಬೆಂಬಲ ಶುರು ಅಂತ ಬರೆದಿರುತ್ತಾರೆ. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಯೋಸ್ ಡೌನ್‌ಲೋಡ್ ಪುಟದಲ್ಲಿ ಆ ವರ್ಷನ್ ಬಂದ ತಾರೀಖೂ ಇರುತ್ತದೆ, ಬೋರ್ಡ್ ಅದಕ್ಕಿಂತ ಹಿಂದೆ ತಯಾರಾಗಿದ್ದರೆ ಅಪ್‌ಡೇಟ್ ಮಾಡಲೇಬೇಕು. ಮಾಡೆಲ್ ಹೆಸರು ಅಕ್ಷರ ಅಕ್ಷರವೂ ಹೊಂದಬೇಕು. ಗಿಗಾಬೈಟ್‌ನಂಥ ಕಂಪನಿಗಳಲ್ಲಿ ಒಂದೇ ಹೆಸರಿನ ಬೋರ್ಡ್‌ಗೆ ಬೇರೆ ಬೇರೆ ರಿವಿಷನ್ ಇರುತ್ತವೆ, ಆ ನಂಬರ್ ಬೋರ್ಡಿನ ಅಂಚಿನಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಬಯೋಸ್ ಫೈಲೂ ಅದೇ ರಿವಿಷನ್‌ನದ್ದೇ ಆಗಬೇಕು.

ಹಳೆಯ ಪ್ರೊಸೆಸರ್ ಕೈಯಲ್ಲಿ ಇಲ್ಲದೆ ಅಪ್‌ಡೇಟ್ ಮಾಡುವುದು ಹೇಗೆ? ಇದಕ್ಕಾಗಿಯೇ ಕೆಲವು ಬೋರ್ಡ್‌ಗಳಲ್ಲಿ ಒಂದು ಬಟನ್ ಇರುತ್ತದೆ. ಆಸೂಸ್ ಅದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಅನ್ನುತ್ತದೆ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್ ಅನ್ನುತ್ತದೆ, ಎಂಎಸ್‌ಐ ಫ್ಲ್ಯಾಶ್ ಬಯೋಸ್ ಬಟನ್ ಅನ್ನುತ್ತದೆ. ಎರಡು ಬೋರ್ಡ್‌ಗಳ ನಡುವೆ ಐನೂರೋ ಸಾವಿರವೋ ರೂಪಾಯಿ ವ್ಯತ್ಯಾಸ ಇದ್ದರೆ ನಾನಂತೂ ಕಣ್ಣು ಮುಚ್ಚಿ ಈ ಬಟನ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಪೆನ್‌ಡ್ರೈವ್ ಅನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲ್‌ಗೆ ಕಂಪನಿ ಹೇಳಿರುವ ಹೆಸರನ್ನೇ ಕೊಟ್ಟು ಕಾಪಿ ಮಾಡಿ. ಬೋರ್ಡ್‌ಗೆ ಪ್ರೊಸೆಸರ್ ಬೇಡ, ರ‍್ಯಾಮ್ ಬೇಡ, ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ ದೊಡ್ಡ 24 ಪಿನ್ ಕನೆಕ್ಟರ್ ಮತ್ತು ಮೇಲಿನ 8 ಪಿನ್ ಕನೆಕ್ಟರ್ ಹಾಕಿದರೆ ಸಾಕು. ಹಿಂದುಗಡೆ ಗುರುತು ಮಾಡಿರುವ ಯುಎಸ್‌ಬಿ ಪೋರ್ಟ್‌ಗೇ ಪೆನ್‌ಡ್ರೈವ್ ಹಾಕಬೇಕು, ಪಕ್ಕದ್ದಕ್ಕೆ ಹಾಕಿದರೆ ಅಪ್‌ಡೇಟ್ ಶುರುವಾಗುವುದೇ ಇಲ್ಲ. ಬಟನ್ ಒತ್ತಿದರೆ ಲೈಟ್ ಮಿಣುಕಲು ಶುರುವಾಗುತ್ತದೆ, ಕೆಲವು ನಿಮಿಷ ಹಿಡಿಯುತ್ತದೆ, ಅದು ನಿಲ್ಲುವವರೆಗೆ ಏನನ್ನೂ ಮುಟ್ಟಬೇಡಿ. ಮಧ್ಯದಲ್ಲಿ ಕರೆಂಟ್ ಹೋಗಬಾರದು, ಆದ್ದರಿಂದ ಈ ಕೆಲಸವನ್ನು ಯುಪಿಎಸ್ ಮೇಲೆಯೇ ಮಾಡಿ, ಮಳೆಗಾಲದ ಸಂಜೆಯಂತೂ ಬೇಡವೇ ಬೇಡ.

ದುಡ್ಡು ಎಲ್ಲಿ ಉಳಿಸಬಹುದು? ಆರ್‌ಜಿಬಿ ಲೈಟ್ ಬೇಡ. ವೈಫೈ ಇಲ್ಲದ ಬೋರ್ಡ್ ತೆಗೆದುಕೊಂಡು ಲ್ಯಾನ್ ಕೇಬಲ್ ಎಳೆಯಬಹುದು. ಆದರೆ ಪ್ರೊಸೆಸರ್ ಪಕ್ಕದಲ್ಲಿ ವಿಆರ್‌ಎಂ ಅಂತ ಇರುತ್ತದೆ, ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವುದು ಅದೇ, ಅಲ್ಲಿ ಜಿಪುಣತನ ಬೇಡ. 65 ವ್ಯಾಟ್‌ನ ಪ್ರೊಸೆಸರ್‌ಗೆ ಸಾಧಾರಣ ಬೋರ್ಡ್ ಸಾಕಾಗುತ್ತದೆ. ಮುಂದೆ 12 ಅಥವಾ 16 ಕೋರ್‌ನದ್ದು ಹಾಕುವ ಯೋಚನೆ ಇದ್ದರೆ ವಿಆರ್‌ಎಂ ಮೇಲೆ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಇದೆಯಾ ನೋಡಿ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಎಸಿ ಇಲ್ಲದ ರೂಮಿನಲ್ಲಿ ಹೀಟ್‌ಸಿಂಕ್ ಇಲ್ಲದ ಬೋರ್ಡ್ ಬಿಸಿಯಾಗಿ ಪ್ರೊಸೆಸರ್ ವೇಗವನ್ನೇ ಇಳಿಸಿಬಿಡಬಹುದು. ಮಾನಿಟರ್ ಕನೆಕ್ಟರ್ ಬಗ್ಗೆಯೂ ಒಂದು ಮಾತು. ಬೋರ್ಡ್‌ನಲ್ಲಿ ಎಚ್‌ಡಿಎಂಐ ಇದ್ದ ಮಾತ್ರಕ್ಕೆ ಚಿತ್ರ ಬರುವುದಿಲ್ಲ. ರೈಜನ್ 5600, 7500ಎಫ್, ಇಂಟೆಲ್‌ನ ಎಫ್ ಅಕ್ಷರದವು, ಇವಕ್ಕೆಲ್ಲ ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಬೇಕು.

ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲು ನೇರವಾಗಿ ಕೇಳಿ: ಈ ಬೋರ್ಡ್‌ನಲ್ಲಿ ನನ್ನ ಪ್ರೊಸೆಸರ್ ಈಗಲೇ ಆನ್ ಆಗುತ್ತದಾ, ಇಲ್ಲವಾದರೆ ಬಯೋಸ್ ಅಪ್‌ಡೇಟ್ ಮಾಡಿಕೊಡುತ್ತೀರಾ? ಅಲ್ಲೇ ಆನ್ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಕಾಗದದ ಚೂರಿನಲ್ಲಿ ಗೀಚಿ ಕೊಟ್ಟದ್ದನ್ನು ತಂದು ವಾರಂಟಿಗೆ ಅಲೆಯಬೇಡಿ. ಎಎಂ5 ಮತ್ತು ಇಂಟೆಲ್ ಬೋರ್ಡ್‌ಗಳಲ್ಲಿ ಪಿನ್‌ಗಳು ಸಾಕೆಟ್‌ನಲ್ಲೇ ಇರುತ್ತವೆ, ಕೂದಲಿನಷ್ಟು ಸಣ್ಣವು. ಪೆಟ್ಟಿಗೆ ಬಿಚ್ಚಿದ ಕೂಡಲೇ ಕಪ್ಪು ಮುಚ್ಚಳ ಎತ್ತಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಸಾಲುಗಳು ಒಂದೇ ಸಮ ಹೊಳೆಯಬೇಕು. ಎಲ್ಲಾದರೂ ಒಂದು ಚುಕ್ಕೆ ಬೇರೆ ಥರ ಕಂಡರೆ ಪಿನ್ ಬಾಗಿದೆ ಅಂತ ಅರ್ಥ, ಅಲ್ಲೇ ವಾಪಸ್ ಕೊಡಿ, ಮನೆಗೆ ತಂದ ಮೇಲೆ ಬಾಗಿದ ಪಿನ್‌ಗೆ ವಾರಂಟಿ ಸಿಗುವುದು ಬಹಳ ಕಷ್ಟ. ಆ ಮುಚ್ಚಳವನ್ನು ಎಸೆಯಬೇಡಿ, ಮುಂದೆ ವಾರಂಟಿಗೆ ಕೊಡುವಾಗ ಅದು ಬೇಕಾಗುತ್ತದೆ.

ಎಎಂ5 ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಪವರ್ ಆಫ್ ಮಾಡಬೇಡಿ, ಅದು ಡಿಡಿಆರ್5 ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ. ಎರಡು ರ‍್ಯಾಮ್ ಕಡ್ಡಿ ಇದ್ದು ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಡಿಸ್‌ಪ್ಲೇ ಬಂದ ಮೇಲೆ ಬಯೋಸ್‌ಗೆ ಹೋಗಿ ಎಕ್ಸ್‌ಪೋ ಅನ್ನುವ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ದುಡ್ಡು ಕೊಟ್ಟು ತಂದ 6000 ವೇಗದ ರ‍್ಯಾಮ್ ಸುಮ್ನೆ 4800ರಲ್ಲೇ ಓಡುತ್ತಿರುತ್ತದೆ.